308 ವಿಂಚೆಸ್ಟರ್‌ಗೆ ಡೈ: ಬುಷಿಂಗ್ ಡೈಗೆ ದುಡ್ಡು ಹಾಕೋದಾ, ಬೇಡ್ವಾ?

ಗೋಣಿಕೊಪ್ಪದವಳು, ಫೀನಿಕ್ಸ್:

ಎಲ್ಲರಿಗೂ ನಮಸ್ಕಾರ. ಇಲ್ಲಿ ತಾವೇ ತೋಟಾ ತುಂಬ್ಕೊಳ್ಳೋರು ಕೆಲವರಿದ್ದೀರ ಅಂತ ಹಳೇ ಚರ್ಚೆಗಳಿಂದ ಗೊತ್ತಾಯ್ತು. ಅದಕ್ಕೇ ಕನ್ನಡದಲ್ಲೇ ಕೇಳೋ ಧೈರ್ಯ.

ನಂದು 308 ವಿಂಚೆಸ್ಟರ್ ತೋಟಾದ ರೈಫಲ್, ಬೋಲ್ಟ್ ಆಕ್ಷನ್. ಬೆನ್ ಏವರಿ ರೇಂಜಲ್ಲಿ ಎಫ್-ಟಿಆರ್ (ದೂರದ ಗುರಿಯ ಸ್ಪರ್ಧೆ) ಹೊಡೀತೀನಿ. ಸದ್ಯ 600 ಗಜ, ಮುಂದಿನ ಚಳಿಗಾಲಕ್ಕೆ 1000ಕ್ಕೆ ಇಳೀಬೇಕು ಅಂತ ಆಸೆ. ಕೇಸು (ತೋಟಾದ ಹಿತ್ತಾಳೆ ಕೊಳವೆ) ಲಪುವಾ ಕಂಪನಿದು, ಗುಂಡು ಬರ್ಗರ್ 185 ಗ್ರೇನ್ ಜಗ್ಗರ್‌ನಾಟ್. ಡೈ (ಕೇಸನ್ನ ಒತ್ತಿ ಅಳತೆಗೆ ತರೋ ಉಕ್ಕಿನ ಅಚ್ಚು) ಮಾತ್ರ ಪ್ರೆಸ್ ಜೊತೆ ಬಂದ ಮಾಮೂಲಿ ಎರಡು ಡೈ ಸೆಟ್: ಕೇಸು ಸೈಜ್ ಮಾಡೋಕೊಂದು, ಗುಂಡು ಕೂರಿಸೋಕೊಂದು. ಕಂಪನಿ ಹೆಸರು ಬೇಡ.

ಸಮಸ್ಯೆ ಇಷ್ಟು. ಹೊಡೆದ ಕೇಸಿನ ಕತ್ತನ್ನ (ಗುಂಡು ಕೂರೋ ಬಾಯಿ ಭಾಗ) ರನ್‌ಔಟ್ ಗೇಜ್ (ಓರೆ ಅಳೆಯೋ ಸಾಧನ) ಮೇಲೆ ತಿರುಗಿಸಿದ್ರೆ ಮುಳ್ಳು ಒಂದು ಥೌ, ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ, ಅಲ್ಲಾಡುತ್ತೆ. ಅದೇ ಕೇಸನ್ನ ಸೈಜ್ ಮಾಡಿದ್ಮೇಲೆ ನಾಲ್ಕೈದು ಥೌ. ಗುಂಡು ಕೂರಿಸಿದ್ಮೇಲೆ ಇನ್ನೂ ಸ್ವಲ್ಪ ಜಾಸ್ತಿ. ಕ್ಲಬ್ಬಲ್ಲಿ ಕೇಳಿದ್ರೆ ತಲೆಗೊಂದು ಮಾತು. ಒಬ್ಬರು ಬರೀ ನೆಕ್ ಸೈಜ್ (ಕತ್ತು ಮಾತ್ರ ಒತ್ತೋದು) ಮಾಡು ಅಂತಾರೆ, ಇನ್ನೊಬ್ಬರು ಪ್ರತಿ ಸಲ ಫುಲ್ ಲೆಂಗ್ತ್ (ಕೇಸು ಪೂರ್ತಿ ಒತ್ತೋದು) ಮಾಡ್ಲೇಬೇಕು ಅಂತಾರೆ, ಮತ್ತೊಬ್ಬರು ಬುಷಿಂಗ್ ಡೈ (ಕತ್ತು ಒತ್ತೋ ಬಳೆಯನ್ನ ಬದಲಾಯಿಸಬಹುದಾದ ಡೈ) ಇಲ್ದೆ 1000 ಗಜದ ಮಾತೇ ಎತ್ಬೇಡ ಅಂದ್ರು. ಕೈಯಲ್ಲಿರೋದು ಮುನ್ನೂರು ಡಾಲರ್. ಅದನ್ನ ಎಲ್ಲಿ ಹಾಕ್ಲಿ?

ನಮ್ಮನೇಲಿ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ ಹಬ್ಬ) ದಿನ ಕೋವಿಗೆ ತೋಕ್‌ಪೂ ಹೂವು ಇಟ್ಟು ಪೂಜೆ ಮಾಡಿ ಬೆಳೆದೋಳು ನಾನು. ಹೊಡೆಯೋದು ಹೊಸದಲ್ಲ. ಈ ಥೌ ಲೆಕ್ಕ ಮಾತ್ರ ಹೊಸದು.


ಹುಬ್ಬಳ್ಳಿ ಮಂದಿ, ಡಲ್ಲಾಸ್:

ಅಕ್ಕಾರ, ನಮಸ್ಕಾರ ರೀ. ಇಷ್ಟ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ? ಲೀ ಕಂಪನಿದು ಕಾಲೆಟ್ ನೆಕ್ ಡೈ ತಗೊಳ್ರಿ, ಮುನ್ನೂರಾಗ ಇನ್ನೂರಕ್ಕಿಂತ ಜಾಸ್ತಿ ಉಳೀತೈತಿ. ಒಳಗ ಉಕ್ಕಿನ ಕಡ್ಡಿ, ಅದರ ಸುತ್ತ ಸೀಳಿದ ಕಾಲೆಟ್. ಪ್ರೆಸ್ ಹಿಡಿ ಒತ್ತಿದ್ರ ಕಾಲೆಟ್ ಕತ್ತನ್ನ ಆ ಕಡ್ಡಿಗೆ ಅದುಮ್ತೈತಿ, ಮುಗೀತು. ಕತ್ತಿನ ಒಳಗಿಂದ ಏನೂ ಎಳಿಯಂಗಿಲ್ಲ, ಎಣ್ಣಿ ಹಚ್ಚಂಗಿಲ್ಲ, ಒರಸಂಗಿಲ್ಲ. ಕೇಸು ಉದ್ದ ಬೆಳಿಯೂದೂ ಕಡಿಮಿ, ಹಂಗಾಗಿ ಟ್ರಿಮ್ ಮಾಡೂ ಕಾಟಾನೂ ಕಡಿಮಿ. ನನ್ನ ಕೇಸಿನ ರನ್‌ಔಟ್ ಒಂದು ಥೌ ದಾಟೂದು ಅಪರೂಪ.

ಬೋಲ್ಟ್ ಬಿಗಿ ಆದಾಗ ಒಂದು ಸಲ ಬಾಡಿ ಡೈ (ಕತ್ತು ಬಿಟ್ಟು ಮೈ ಅಷ್ಟ ಒತ್ತೂದು) ಒಳಗ ಹಾಕಿ ತಗೀರಿ, ಅಷ್ಟ. ಬುಷಿಂಗ್ ಗಿಷಿಂಗ್ ಎಲ್ಲಾ ರೊಕ್ಕ ಇದ್ದವರ ಆಟ ರೀ.


ಪೀಣ್ಯ ಟೂಲ್‌ರೂಮ್, ಒಹಾಯೋ:

ಮೊದಲೇ ಹೇಳಿಬಿಡ್ತೀನಿ, ನಾನು ಕೋವಿಯವನಲ್ಲ, ಟೂಲ್‌ರೂಮ್‌ನವನು. ಪೀಣ್ಯದಲ್ಲಿ ಡ್ರಾ ಡೈ, ಪ್ರೆಸ್ ಟೂಲ್ ಮಾಡ್ಕೊಂಡಿದ್ದೆ, ಇಲ್ಲೂ ಅದೇ ಕೆಲಸ. ಶೂಟಿಂಗ್ ಈ ದೇಶಕ್ಕೆ ಬಂದ್ಮೇಲೆ ಅಂಟಿದ ಚಟ. ಹಾಗಾಗಿ ನಿನಗೆ ಗಾಳಿ ಓದೋದು ಹೇಳ್ಕೊಡೋ ಯೋಗ್ಯತೆ ನನಗಿಲ್ಲ, ಡೈ ಬಗ್ಗೆ ಮಾತಾಡಬಲ್ಲೆ.

ನೋಡಮ್ಮಾ, ನೀನು ಅರ್ಧ ಕೆಲಸ ಆಗ್ಲೇ ಮಾಡಿದ್ದೀಯ. ಹೊಡೆದ ಕೇಸು ಒಂದು ಥೌ ಅಂದ್ರೆ ನಿನ್ನ ಚೇಂಬರ್ (ರೈಫಲಲ್ಲಿ ತೋಟಾ ಕೂರೋ ಕೋಣೆ) ನೆಟ್ಟಗಿದೆ. ಸೈಜ್ ಆದ್ಮೇಲೆ ನಾಲ್ಕೈದು ಅಂದ್ರೆ ತಪ್ಪು ಸೈಜಿಂಗ್ ಡೈಯಲ್ಲಿದೆ. ಆದ್ರೆ ಡೈಯಲ್ಲಿ ಎರಡು ಭಾಗ. ಹೊರಗಿನ ಉಕ್ಕಿನ ಮೈ ಒಂದು, ಮಧ್ಯದ ಕಡ್ಡಿಗೆ ಸಿಕ್ಕಿಸಿರೋ ಎಕ್ಸ್‌ಪ್ಯಾಂಡರ್ ಉಂಡೆ (ಕತ್ತನ್ನ ಒಳಗಿಂದ ಹಿಗ್ಗಿಸೋದು) ಇನ್ನೊಂದು. ಯಾವುದು ಅಂತ ತಿಳ್ಕೊಳ್ಳದೆ ಹೊಸ ಡೈ ಕೊಂಡ್ರೆ ಹೊಸ ಡೈಯಲ್ಲೂ ಅದೇ ಎಕ್ಸ್‌ಪ್ಯಾಂಡರ್ ಬರುತ್ತೆ.

ಇವತ್ತೇ ಇದನ್ನ ಮಾಡು, ಕಾಸು ಖರ್ಚಿಲ್ಲ. ಹೊಡೆದ ಕೇಸಿನ ಪ್ರೈಮರ್ ಬೇರೆಯಾಗಿ ತೆಗಿ. ಡೈಯಿಂದ ಕಡ್ಡಿಯನ್ನ ಪೂರ್ತಿ ಬಿಚ್ಚಿ ಇಟ್ಟು ಸೈಜ್ ಮಾಡು. ಈಗ ಗೇಜ್ ಮೇಲೆ ತಿರುಗಿಸು. ಒಂದೂವರೆ ಥೌ ಒಳಗೆ ಬಂದ್ರೆ ಡೈ ಮೈ ಸರಿಯಿದೆ, ಎಕ್ಸ್‌ಪ್ಯಾಂಡರೇ ಕಳ್ಳ.

ಕಾರಣ ಹೇಳ್ತೀನಿ. ಕಂಪನಿಯವರಿಗೆ ನೀನು ಯಾವ ಕೇಸು ಹಾಕ್ತೀಯ ಅಂತ ಗೊತ್ತಿಲ್ಲ. ಒಬ್ಬನ ಕೇಸಿನ ಕತ್ತು ತೆಳು, ಇನ್ನೊಬ್ಬನದು ದಪ್ಪ. ಎಲ್ಲರಿಗೂ ಗುಂಡು ಬಿಗಿಯಾಗಿ ಕೂರಬೇಕು. ಹಾಗಾಗಿ ಅತಿ ತೆಳು ಕತ್ತಿಗೂ ಸಾಲೋ ಹಾಗೆ ತೂತನ್ನ ಸಣ್ಣದಾಗಿ ಕೊರೀತಾರೆ, ಆಮೇಲೆ ವಾಪಸ್ ಬರೋವಾಗ ಆ ಎಕ್ಸ್‌ಪ್ಯಾಂಡರ್ ಒಳಗಿಂದ ಅಳತೆಗೆ ಅಗಲ ಮಾಡುತ್ತೆ. ನಿನ್ನ ಲಪುವಾ ಕತ್ತಿನ ಗೋಡೆ ಸುಮಾರು 15 ಥೌ. ಗುಂಡು ಕೂತಾಗ ಹೊರ ಅಳತೆ 0.308 ಮತ್ತು ಎರಡು ಗೋಡೆ ಸೇರಿ 0.338. ಎರಡು ಥೌ ಹಿಡಿತಕ್ಕೆ 0.336ಕ್ಕೆ ಒತ್ತಿದ್ರೆ ಸಾಕಿತ್ತು. ಮಾಮೂಲಿ ಡೈ ಅದಕ್ಕಿಂತ ನಾಲ್ಕೈದು ಥೌ ಜಾಸ್ತಿ ಒತ್ತುತ್ತೆ, ಅದನ್ನೇ ಮತ್ತೆ ಒಳಗಿಂದ ಹಿಗ್ಗಿಸುತ್ತೆ. ಹೋಗ್ತಾ ಒಂದೇಟು, ಬರ್ತಾ ಒಂದೇಟು. ಹಿತ್ತಾಳೆ ಬೇಗ ಗಡುಸಾಗುತ್ತೆ, ಕತ್ತು ಸೀಳುತ್ತೆ, ಹಿಡಿತ ಒಂದೊಂದು ಕೇಸಿಗೆ ಒಂದೊಂದು ಥರ ಆಗುತ್ತೆ.

ಅದಕ್ಕಿಂತ ಕೆಟ್ಟದ್ದು ಎಳೆಯೋದು. ಎಕ್ಸ್‌ಪ್ಯಾಂಡರ್ ಕತ್ತಿನೊಳಗಿಂದ ಹೊರಬರೋ ಹೊತ್ತಿಗೆ ಕೇಸಿನ ಮೈ, ಭುಜ (ಕತ್ತಿನ ಕೆಳಗಿನ ಇಳಿಜಾರು) ಎರಡೂ ಡೈಯಿಂದ ಕೆಳಗಿಳಿದಿರುತ್ತೆ. ಹಿಡ್ಕೊಳ್ಳೋರಿಲ್ಲ. ಬಿಗಿ ಬಳೆ ಎಳೆದು ತೆಗೆಯೋವಾಗ ಕೈ ಅದರ ಹಿಂದೆ ಹೋಗುತ್ತಲ್ಲ, ಹಾಗೆ ಕತ್ತು ಎಕ್ಸ್‌ಪ್ಯಾಂಡರ್ ಹಿಂದೆ ಹೋಗುತ್ತೆ. ಫಾರ್ಸ್ಟರ್‌ನವರ ಬೆಂಚ್‌ರೆಸ್ಟ್ ಡೈಯಲ್ಲಿ ಆ ಎಕ್ಸ್‌ಪ್ಯಾಂಡರನ್ನ ಕಡ್ಡಿಯಲ್ಲಿ ಮೇಲಕ್ಕೆ ಇಟ್ಟಿರ್ತಾರೆ, ಕೇಸು ಇನ್ನೂ ಡೈ ಒಳಗಿರೋವಾಗಲೇ ಕತ್ತು ಹಿಗ್ಗಲಿ ಅಂತ. ಬುದ್ಧಿವಂತರ ಕೆಲಸ.

ಹುಬ್ಬಳ್ಳಿಯವರ ಕಾಲೆಟ್ ಡೈಗೆ ನನ್ನ ತಕರಾರಿಲ್ಲ. ಒಳ ಅಳತೆಯನ್ನ ಕಡ್ಡಿಯೇ ನಿರ್ಧರಿಸೋದು ಸರಿಯಾದ ದಾರಿ. ಅದರ ಜೊತೆ ರೆಡ್ಡಿಂಗ್ ಬಾಡಿ ಡೈ ಇಟ್ಕೊಂಡ್ರೆ ಪೂರ್ತಿ ಜೋಡಿ. ಆದ್ರೆ ಬೋಲ್ಟ್ ಬಿಗಿ ಆಗೋ ತನಕ ಕಾಯ್ಬೇಕು ಅನ್ನೋದನ್ನ ಒಪ್ಪಲ್ಲ. ಬರೀ ಕತ್ತು ಸೈಜ್ ಮಾಡ್ತಾ ಹೋದ್ರೆ ಪ್ರತಿ ಹೊಡೆತಕ್ಕೂ ಮೈ ಸ್ವಲ್ಪ ಸ್ವಲ್ಪ ಬೆಳೆಯುತ್ತೆ. ಮೂರನೇ ಸಲ ಬೋಲ್ಟ್ ಹಗುರ, ಐದನೇ ಸಲ ಗಟ್ಟಿ. ಪಂದ್ಯದ ಮಧ್ಯೆ ಬೋಲ್ಟ್ ಜೊತೆ ಕುಸ್ತಿ ಆಡಿದ್ರೆ ರೈಫಲ್ ಬೈಪಾಡ್ ಮೇಲೆ ಅಲ್ಲಾಡುತ್ತೆ, ಕಣ್ಣು ಗಾಳಿ ಬಾವುಟದಿಂದ ಕೆಳಗೆ ಬರುತ್ತೆ. ಪ್ರತಿ ಸಲ ಫುಲ್ ಲೆಂಗ್ತ್, ಆದ್ರೆ ಭುಜವನ್ನ ಒಂದೂವರೆ ಎರಡು ಥೌ ಮಾತ್ರ ಹಿಂದೆ ತಳ್ಳು. ನನ್ನ ತೀರ್ಮಾನ ಇದು.

ಈ ಎರಡು ಥೌ ತಳ್ಳೋದರಲ್ಲಿ ಜನ ಎಡವೋದು ಹೆಚ್ಚು. ಡೈ ಜೊತೆ ಬರೋ ಚೀಟಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತೆ: ಶೆಲ್ ಹೋಲ್ಡರ್‌ಗೆ (ಕೇಸಿನ ತಳ ಹಿಡಿಯೋ ತುಂಡು) ತಾಗೋ ತನಕ ಇಳಿಸು, ಆಮೇಲೆ ಇನ್ನೊಂದು ಚೂರು ಅಥವಾ ಕಾಲು ಸುತ್ತು. ಡೈ ಮೈಮೇಲಿನ ತಿರುಪಿನ ಥ್ರೆಡ್ ಇಂಚಿಗೆ 14. ಒಂದು ಸುತ್ತಿಗೆ ಸುಮಾರು 71 ಥೌ, ಕಾಲು ಸುತ್ತಿಗೆ 18 ಥೌ. ಪ್ರೆಸ್ ಬಗ್ಗೋದರಲ್ಲಿ ಸ್ವಲ್ಪ ಹೋಗುತ್ತೆ ನಿಜ, ಆದ್ರೂ ನಿನ್ನ ಚೇಂಬರ್‌ಗೆ ಎಷ್ಟು ಬೇಕೋ ಅಷ್ಟು ಅಂತ ಇದು ಅಲ್ಲವೇ ಅಲ್ಲ. ಭುಜ ಅತಿಯಾಗಿ ಹಿಂದೆ ಹೋದ ಕೇಸು ಪ್ರತಿ ಹೊಡೆತಕ್ಕೂ ಉದ್ದಕ್ಕೆ ಹಿಗ್ಗುತ್ತೆ, ತಳದ ಹತ್ತಿರ ಒಂದು ಹೊಳೆಯೋ ಉಂಗುರ ಕಾಣಿಸ್ಕೊಳ್ಳುತ್ತೆ. ಆಮೇಲೆ ಅಲ್ಲೇ ತುಂಡಾಗುತ್ತೆ. ಉಂಗುರ ಕಂಡ ಕೇಸನ್ನ ಕಸಕ್ಕೆ ಹಾಕು, ಅನುಮಾನವೇ ಬೇಡ.

ಹೆಡ್‌ಸ್ಪೇಸ್ ಕಂಪ್ಯಾರೇಟರನ್ನ ಕ್ಯಾಲಿಪರ್‌ಗೆ ಸಿಕ್ಕಿಸಿ, ಹೊಡೆದ ಕೇಸಿನ ತಳದಿಂದ ಭುಜದ ತನಕ ಅಳತೆ ಬರ್ಕೋ. ಡೈಯನ್ನ ಮೇಲಿಟ್ಟು ಶುರು ಮಾಡಿ ಇಳಿಸ್ತಾ ಬಾ. ಎರಡು ಥೌಗೆ ಬೇಕಾದ ತಿರುವು ಹತ್ತು ಡಿಗ್ರಿ. ಡೈ ಮೈಮೇಲೆ ಪೆನ್ಸಿಲ್ ಗುರುತು ಹಾಕಿದ್ರೆ ಎರಡು ಮಿಲಿಮೀಟರ್ ಅಷ್ಟೇ. ಒಂದು ವಿಷಯ, ಇಳಿಸ್ತಾ ಹೋದ ಹಾಗೆ ಅಳತೆ ಮೊದಲು ಜಾಸ್ತಿ ಆಗುತ್ತೆ. ಮೈ ಹಿಂಡಿದಾಗ ಭುಜ ಮುಂದಕ್ಕೆ ಹೋಗುತ್ತೆ, ಡೈ ಭುಜಕ್ಕೆ ತಾಗಿದ ಮೇಲೆ ಹಿಂದೆ ಬರುತ್ತೆ. ಅದನ್ನ ನೋಡಿ ಡೈ ಕೆಟ್ಟಿದೆ ಅಂದ್ಕೋಬೇಡ.

ಎಕ್ಸ್‌ಪ್ಯಾಂಡರ್ ಇಲ್ಲದೆ ಸೈಜ್ ಮಾಡಿದ ಅಳತೆ ಇಲ್ಲಿ ಹಾಕು, ಮುಂದಿನದು ಆಮೇಲೆ.


ಸಿದ್ದಾಪುರ ತೋಟ:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮಲ್ಲಿ .315 ರೈಫಲ್ ಇದೆ, ತೋಟಾ ಸಿಗೋದು ಕಷ್ಟ, ಸಿಕ್ಕಿದ್ರೂ ಬೆಲೆ ಕೇಳ್ಬೇಡಿ. ಇಂಥ ಡೈ ತರಿಸಿ ಕೊಡಗಲ್ಲೂ ತುಂಬ್ಕೋಬಹುದಾ? ಕೊಡವರಿಗೆ ಹೇಗೂ ಲೈಸೆನ್ಸ್ ವಿನಾಯಿತಿ ಇದೆಯಲ್ಲ.


ಗೋಣಿಕೊಪ್ಪದವಳು, ಫೀನಿಕ್ಸ್:

ಅಣ್ಣಾ, ಬೇಡ. ಆ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಹೊತ್ತು ಓಡಾಡೋಕೆ. 2019ರಲ್ಲಿ ಕೇಂದ್ರದವರು ಅದನ್ನ 2029ರ ತನಕ ಮುಂದುವರಿಸಿದ್ರು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು, ಸರಿ. ಆದ್ರೆ ಮದ್ದುಗುಂಡು ತಯಾರಿಸೋದು 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್‌ಗೆ ಬರುತ್ತೆ, ಅದಕ್ಕೆ ಲೈಸೆನ್ಸ್ ಬೇರೆ. ನಮ್ಮಪ್ಪನೂ ಇದೇ ಕೇಳಿದ್ರು, ಅವರಿಗೂ ಇದೇ ಹೇಳಿದೆ. ಬೈಸ್ಕೊಂಡೆ.

ಪೀಣ್ಯ ಸರ್, ಮಾಡಿದೆ. ಕಡ್ಡಿ ಬಿಚ್ಚಿ ಸೈಜ್ ಮಾಡಿದ್ರೆ ರನ್‌ಔಟ್ ಒಂದರಿಂದ ಒಂದೂವರೆ! ಕತ್ತಿನ ಹೊರ ಅಳತೆ 0.332. ಹೊಡೆದ ಕೇಸಿನದು 0.343. ಗುಂಡು ಕೂತ ತೋಟಾ ನೀವು ಹೇಳಿದ ಹಾಗೆ 0.338. ಹಾಗಾದ್ರೆ ಈ ಡೈಯನ್ನೇ ಇಟ್ಕೊಳ್ಳೋದಾ? ಬುಷಿಂಗ್ ಡೈ ಆಸೆ ಬಿಟ್ಬಿಡ್ಲಾ?


ಪೀಣ್ಯ ಟೂಲ್‌ರೂಮ್, ಒಹಾಯೋ:

ಸಿದ್ದಾಪುರದವರೇ, ತಂಗಿ ಹೇಳಿದ್ದೇ ಸರಿ. ಡೈ ಅನ್ನೋದು ಬರೀ ಉಕ್ಕು, ಪೊಲೀಸ್ ಕೇಸಾಗೋದು ಅದರಲ್ಲಿ ತೋಟಾ ತುಂಬಿದಾಗ.

ಇನ್ನು ನಿನ್ನ ಲೆಕ್ಕ. 0.343ರಿಂದ 0.332ಕ್ಕೆ ಅಂದ್ರೆ 11 ಥೌ ಹಿಂಡಿದೆ. ಒಳ ಅಳತೆ 0.302ಕ್ಕೆ ಬಂತು. ಅಲ್ಲಿಂದ ಎಕ್ಸ್‌ಪ್ಯಾಂಡರ್ ನಾಲ್ಕೈದು ಥೌ ವಾಪಸ್ ಹಿಗ್ಗಿಸ್ತಾ ಇತ್ತು. ರನ್‌ಔಟ್ ಎಲ್ಲಿಂದ ಬಂತು ಅಂತ ಇನ್ನು ಬಿಡಿಸಿ ಹೇಳ್ಬೇಕಾ?

ಡೈ ಮೈ ಚೆನ್ನಾಗಿದೆ. ಎಸೀಬೇಡ. ಈಗ ಮೂರು ದಾರಿ.

ಒಂದು, ಇದೇ ಡೈ, ಎಕ್ಸ್‌ಪ್ಯಾಂಡರ್ ತೆಗೆದು, ಆಮೇಲೆ ಬೇರೆ ಡೈಯಲ್ಲಿ ಮ್ಯಾಂಡ್ರಲ್ (ಕತ್ತಿನ ಒಳ ಅಳತೆ ಸರಿ ಮಾಡೋ ಉಕ್ಕಿನ ಕಡ್ಡಿ). ಮ್ಯಾಂಡ್ರಲ್ ಮೇಲಿಂದ ಕೆಳಗೆ ನುಗ್ಗುತ್ತೆ, ಕೇಸಿನ ತಳ ಶೆಲ್ ಹೋಲ್ಡರ್ ಮೇಲೆ ಕೂತಿರುತ್ತೆ. ಎಳೆತಕ್ಕಿಂತ ಒತ್ತಡದಲ್ಲಿ ಕತ್ತು ನೆಟ್ಟಗೆ ನಿಲ್ಲುತ್ತೆ. ಅತಿ ಕಡಿಮೆ ಖರ್ಚು. ಆದ್ರೆ 11 ಥೌ ಹಿಂಡೋದು ಹಾಗೇ ಉಳಿಯುತ್ತೆ, ಕೇಸಿನ ಆಯಸ್ಸು ಕಮ್ಮಿ. ಅನೀಲ್ ಮಾಡೋ (ಕತ್ತನ್ನ ಕಾಯಿಸಿ ಮೆದು ಮಾಡೋ) ಅಭ್ಯಾಸ ಇದ್ರೆ ನಡೆಯುತ್ತೆ.

ಎರಡು, ಹೋನ್ ಮಾಡಿದ (ಕತ್ತಿನ ತೂತನ್ನ ತೇಯ್ದು ಅಗಲ ಮಾಡಿದ) ಡೈ. ಫಾರ್ಸ್ಟರ್ ಫುಲ್ ಲೆಂಗ್ತ್ ಡೈ ತಗೊಂಡು ಅವರಿಗೇ ಕಳಿಸಿದ್ರೆ ಕತ್ತಿನ ತೂತನ್ನ ನೀನು ಹೇಳಿದ ಅಳತೆಗೆ ಹೋನ್ ಮಾಡಿ ಕೊಡ್ತಾರೆ. ಒಂದೇ ಉಕ್ಕಿನ ತುಂಡು, ಒಂದೇ ಸೆಟಪ್ಪಿನಲ್ಲಿ ಮೈ, ಭುಜ, ಕತ್ತು ಮೂರೂ. ಟೂಲ್‌ರೂಮ್‌ನವನ ಕಣ್ಣಿಗೆ ಇದಕ್ಕಿಂತ ಚೆಂದದ್ದಿಲ್ಲ. ತೊಂದರೆ ಒಂದೇ, ನಾಳೆ ಬೇರೆ ಕಂಪನಿ ಕೇಸಿಗೆ ಹಾರಿದ್ರೆ ಆ ಅಳತೆ ಹೊಂದಲ್ಲ. ಹೋನ್ ಮಾಡಿದ್ದನ್ನ ವಾಪಸ್ ತುಂಬೋಕಾಗಲ್ಲ.

ಮೂರು, ಬುಷಿಂಗ್. ರೆಡ್ಡಿಂಗ್ ಟೈಪ್ ಎಸ್ ಥರದ್ದು. ಬುಷಿಂಗ್ ಒಂದೊಂದು ಥೌ ಅಂತರದಲ್ಲಿ ಸಿಗುತ್ತೆ, ಕೇಸು ಬದಲಾದ್ರೆ ಬುಷಿಂಗ್ ಬದಲು. ಹಿಡಿತವನ್ನ ಒಂದೊಂದೇ ಥೌ ಬದಲಿಸಿ ಟಾರ್ಗೆಟ್ ಏನು ಹೇಳುತ್ತೆ ಅಂತ ನೋಡೋರಿಗೆ ಇದೇ ಸರಿ. ಆದ್ರೆ ಇದರ ಮರ್ಮ ಯಾರೂ ಹೇಳಲ್ಲ. ಬುಷಿಂಗ್ ಹೊರಗಿಂದ ಒತ್ತೋದು, ಕತ್ತಿನ ಗೋಡೆಯಲ್ಲಿರೋ ಏರುಪೇರೆಲ್ಲ ಒಳಕ್ಕೆ ಹೋಗುತ್ತೆ. ಕತ್ತು ಟರ್ನ್ ಮಾಡಿಲ್ಲ (ಗೋಡೆಯನ್ನ ಕೆರೆದು ಸಮ ಮಾಡಿಲ್ಲ) ಅಂದ್ರೆ ಬುಷಿಂಗ್ ಆದ್ಮೇಲೂ ಮ್ಯಾಂಡ್ರಲ್ ಬೇಕೇ ಬೇಕು. ಮೇಲಾಗಿ ನಿನ್ನ ಫ್ಯಾಕ್ಟರಿ ಚೇಂಬರ್ ಅಗಲ, 0.343ರಿಂದ 0.336ಕ್ಕೆ ಒಂದೇ ಏಟಿಗೆ 7 ಥೌ ಇಳಿಸಿದ್ರೆ ಬುಷಿಂಗ್ ಒಳಗೆ ಕತ್ತು ಓರೆಯಾಗೋ ಸಾಧ್ಯತೆ ಇದೆ. ನಾನಾದ್ರೆ 5 ಥೌ ಮೇಲಿದ್ರೆ ಎರಡು ಬುಷಿಂಗಲ್ಲಿ ಎರಡು ಹಂತ ಮಾಡ್ತೀನಿ. ಬುಷಿಂಗನ್ನ ಬಿಗಿ ಮಾಡ್ಲೂಬಾರದು, ಡೈ ಅಲ್ಲಾಡಿಸಿದ್ರೆ ಲೊಟಲೊಟ ಅನ್ನಬೇಕು. ಅದು ತೇಲಿದ್ರೇನೇ ಕತ್ತಿನ ಮೇಲೆ ತಾನಾಗಿ ಕೂರೋದು. ಬಿಗಿ ಮಾಡಿ, ಬುಷಿಂಗ್ ಡೈ ಕೆಲಸಕ್ಕೆ ಬರಲ್ಲ ಅಂತ ಬೈಯೋರು ಬಹಳ.

ಒಂದೇ ರೈಫಲ್, ಒಂದೇ ಕೇಸು ಅಂದ್ರೆ ನಾನು ಎರಡನೇ ದಾರಿ ಹಿಡೀತೀನಿ. 0.335ಕ್ಕೆ ಹೋನ್, ಆಮೇಲೆ 0.3065 ಮ್ಯಾಂಡ್ರಲ್. ಮ್ಯಾಂಡ್ರಲ್ ಹಿಗ್ಗಿಸೋದು ಒಂದೂವರೆ ಥೌ ಒಳಗೇ. ಹಿತ್ತಾಳೆ ಸ್ವಲ್ಪ ವಾಪಸ್ ಮುದುಡಿ ಹಿಡಿತ ಎರಡು ಥೌ ಆಸುಪಾಸಿಗೆ ನಿಲ್ಲುತ್ತೆ.

ಆದ್ರೆ ನೀನು ಕೇಳಿದ್ದು ಮುನ್ನೂರು ಡಾಲರ್ ಎಲ್ಲಿ ಹಾಕ್ಲಿ ಅಂತ. ಹಾಗಾದ್ರೆ ಸದ್ಯಕ್ಕೆ ಮೊದಲನೇ ದಾರಿಯಲ್ಲೇ ಈ ಸೀಸನ್ ಓಡಿಸು, ಉಳಿದ ದುಡ್ಡನ್ನ ಸೀಟಿಂಗ್ ಡೈಗೆ ಹಾಕು. ಅಲ್ಲಿ ಕಣ್ಣಿಗೆ ಕಾಣೋ ಫಲ ಇದೆ. ಮಾಮೂಲಿ ಸೀಟಿಂಗ್ ಡೈಯಲ್ಲಿ ಗುಂಡನ್ನ ಕತ್ತಿನ ಬಾಯಿ ಮೇಲೆ ಇಟ್ಟು ಬೆರಳು ಬಿಟ್ಟ ಮೇಲೆ ಅದು ಯಾವ ಕಡೆ ವಾಲುತ್ತೋ ಹಾಗೇ ಒಳಗೆ ಹೋಗುತ್ತೆ. ಫಾರ್ಸ್ಟರ್ ಅಲ್ಟ್ರಾ ಅಥವಾ ರೆಡ್ಡಿಂಗ್ ಕಾಂಪಿಟಿಶನ್ ಸೀಟರ್‌ಗಳಲ್ಲಿ ಸ್ಪ್ರಿಂಗ್ ಮೇಲೆ ಜಾರೋ ತೋಳು ಇರುತ್ತೆ. ಗುಂಡು ಒಳಗೆ ಹೋಗೋಕೆ ಮುಂಚೆ ಕೇಸು, ಗುಂಡು, ಸ್ಟೆಮ್ (ಗುಂಡನ್ನ ಒತ್ತೋ ಕಡ್ಡಿ) ಮೂರನ್ನೂ ಒಂದೇ ಗೆರೆಗೆ ತರುತ್ತೆ. ತಲೆ ಮೇಲೆ ಮೈಕ್ರೋಮೀಟರ್. ಒಂದು ಗೆರೆ ಒಂದು ಥೌ. ಎರಡರಲ್ಲಿ ಯಾವುದಾದ್ರೂ ಸರಿ, ಅಗ್ಗಕ್ಕೆ ಸಿಕ್ಕಿದ್ದು ತಗೋ.

ಒಂದು ಎಚ್ಚರಿಕೆ. ಹಿಡಿತ, ಸೀಟಿಂಗ್ ಆಳ ಬದಲಾದ್ರೆ ಒತ್ತಡ ಬದಲಾಗುತ್ತೆ. ಹಳೇ ಲೋಡನ್ನ ಹಾಗೇ ತುಂಬ್ಬೇಡ. ಮದ್ದು ಕಮ್ಮಿ ಮಾಡಿ, ಕೈಪಿಡಿ ನೋಡ್ಕೊಂಡು ಮತ್ತೆ ಮೇಲಕ್ಕೆ ಬಾ.


ಹುಬ್ಬಳ್ಳಿ ಮಂದಿ, ಡಲ್ಲಾಸ್:

ಕಾಕಾರ, ಎಲ್ಲಾ ಖರೇ, ಆದ್ರ 1000 ಗಜದಾಗ ಗುಂಡು ಮ್ಯಾಲ ಕೆಳಗ ಬೀಳೂದು ರನ್‌ಔಟಿಂದ ಅಲ್ರಿ, ವೇಗದ ಫರಕಿನಿಂದ. ಎಫ್ ಕ್ಲಾಸ್ ಟಾರ್ಗೆಟ್‌ನ್ಯಾಗ ಹತ್ತರ ಉಂಗುರ 10 ಇಂಚು, ಒಳಗಿನ ಎಕ್ಸ್ 5 ಇಂಚು. ಮದ್ದು ತೂಗೂ ತಕ್ಕಡಿ ಸರಿ ಇರಲಿಲ್ಲಂದ್ರ ಯಾವ ಡೈ ಇಟ್ರೂ ಅಷ್ಟ. ಅಕ್ಕಾರ ಕಡೆ ಕ್ರೋನೋಗ್ರಾಫ್ (ಗುಂಡಿನ ವೇಗ ಅಳಿಯೂದು) ಐತೇನು?


ಪೀಣ್ಯ ಟೂಲ್‌ರೂಮ್, ಒಹಾಯೋ:

ಒಪ್ಪಿದೆ ರಾಯರೇ. ಒಂದು ಥೌ, ಎರಡು ಥೌ ರನ್‌ಔಟ್ ಇರೋ ತೋಟಾಗಳನ್ನ ಬೇರೆ ಬೇರೆ ಜೋಡಿಸಿ ಹೊಡೆದ್ರೆ ಟಾರ್ಗೆಟಲ್ಲಿ ವ್ಯತ್ಯಾಸ ಹುಡುಕೋದು ನನ್ನ ಕೈಲಿ ಆಗಲ್ಲ. ಐದು ಥೌ ಇದ್ರೆ ಮಾತ್ರ ತಲೆ ಕೆಡಿಸ್ಕೋತೀನಿ. ಆದ್ರೆ ಒಂದೇ ಸಮನಾದ ಹಿಡಿತ ಇದೆಯಲ್ಲ, ಅದು ವೇಗದ ಲೆಕ್ಕಕ್ಕೇ ಸೇರಿದ್ದು. ಮ್ಯಾಂಡ್ರಲ್ ಬೇಕು ಅಂತ ಹಟ ಹಿಡಿದಿದ್ದು ಅದಕ್ಕೇ.


ಗೋಣಿಕೊಪ್ಪದವಳು, ಫೀನಿಕ್ಸ್:

ಕ್ರೋನೋಗ್ರಾಫ್ ಇದೆ ಅಣ್ಣ, ತಕ್ಕಡಿಯೂ ಪರವಾಗಿಲ್ಲ. ಮ್ಯಾಂಡ್ರಲ್ ಡೈ, 0.3065 ಮ್ಯಾಂಡ್ರಲ್, ಫಾರ್ಸ್ಟರ್ ಅಲ್ಟ್ರಾ ಸೀಟರ್ ಮೂರಕ್ಕೂ ಆರ್ಡರ್ ಹಾಕಿದೆ. ಒಂದೇ ಕೊನೇ ಅನುಮಾನ. ಜಗ್ಗರ್‌ನಾಟ್ ಗುಂಡಿನ ಮೂತಿ ಉದ್ದ. ಸೀಟಿಂಗ್ ಸ್ಟೆಮ್ ಅದಕ್ಕೆ ಹೊಂದುತ್ತೋ ಇಲ್ವೋ ಹೇಗೆ ಗೊತ್ತಾಗೋದು?


ಪೀಣ್ಯ ಟೂಲ್‌ರೂಮ್, ಒಹಾಯೋ:

ಗುಂಡಿನ ಮೂತಿಗೆ ಮಾರ್ಕರ್ ಪೆನ್ನಿನ ಮಸಿ ಬಳಿ, ಸ್ಟೆಮ್ ಬಿಚ್ಚಿ ಕೈಯಲ್ಲೇ ಗುಂಡಿನ ಮೇಲೆ ಇಟ್ಟು ತಿರುಗಿಸು. ಮಸಿ ಅಳಿಸಿದ ಉಂಗುರ ತುದಿಯಿಂದ ಸಾಕಷ್ಟು ಕೆಳಗಿದ್ರೆ ಸರಿ. ತುದಿಯೇ ಹೊಳೀತಾ ಇದ್ರೆ ಸ್ಟೆಮ್ಮಿನ ತೂತು ಆಳ ಸಾಲ್ದು, ತುದಿ ಮೇಲೇ ಒತ್ತುತ್ತಿದೆ. ಗುಂಡಿನ ತುದಿ ಒಂದೊಂದಕ್ಕೆ ಒಂದೊಂದು ಉದ್ದ, ಆಳ ಯಾವತ್ತೂ ಒಂದೇ ಬರಲ್ಲ. ಆಗ ವಿಎಲ್‌ಡಿ (ಉದ್ದ ಮೂತಿ ಗುಂಡಿನ) ಸ್ಟೆಮ್ ಬೇಕು ಅಂತ ಕಂಪನಿಗೆ ಬರಿ. ಅಳತೆಯನ್ನೂ ತೋಟಾದ ಪೂರ್ತಿ ಉದ್ದದಲ್ಲಿ ಇಟ್ಕೋಬೇಡ, ಕಂಪ್ಯಾರೇಟರಲ್ಲಿ ತಳದಿಂದ ಓಜೈವ್ (ಗುಂಡಿನ ಮೂತಿಯ ಬಾಗು) ತನಕ ಇಟ್ಕೋ. ಕತ್ತಿನ ಬಾಯಿಯ ಒಳ ಅಂಚನ್ನ ಹಗುರವಾಗಿ ಚ್ಯಾಂಫರ್ ಮಾಡೋದು (ಓರೆಯಾಗಿ ಕೆರೆಯೋದು) ಮರೀಬೇಡ, ಇಲ್ದಿದ್ರೆ ಬರ್ಗರ್ ಜಾಕೆಟ್‌ನ ತಾಮ್ರ ಕೆರೆದು ಬರುತ್ತೆ.

ಪಾರ್ಸೆಲ್ ಬಂದ್ಮೇಲೆ ಕತ್ತಿನ ಅಳತೆ ಮತ್ತೆ ಹಾಕು, ಹೋನ್ ಮಾಡ್ಸೋದು 0.335ಕ್ಕೋ 0.336ಕ್ಕೋ ಅಂತ ಆಗ ನೋಡೋಣ.